ಪಾರ್ಲಿಮೆಂಟಿನಲ್ಲಿ ನಾಲ್ಕೇ ವರ್ಷದ ಆಲ್ಡೆನ್

ಇಡೀ ಕೆನಡಾ ದೇಶದಲ್ಲಿ ವಯಸ್ಸೇ ಆಗದೆ ಉಳಿದಿರುವ ಮನುಷ್ಯ ಒಬ್ಬನೇ ಒಬ್ಬ. ಅವನು ನಮ್ಮ ಕಿಟ್ಟಿವೇಕ್ ದ್ವೀಪದ ಆಲ್ಡೆನ್ ಗಪ್ಟಿಲ್. ಅಂಚೆ ಕಚೇರಿಯ ಎದುರಿನ ಹಳದಿ ಮನೆಯಲ್ಲಿರುವ ಆಲ್ಡೆನ್‌ಗೆ ನಲವತ್ತನಾಲ್ಕು ವರ್ಷ, ನೆತ್ತಿ ಬೋಳು, ಎಡಗಾಲಿನ ಮಂಡಿನೋವು. ಒಟ್ಟಾವಾದ ಪಾರ್ಲಿಮೆಂಟಿನಲ್ಲಿರುವ ಆಲ್ಡೆನ್‌ಗೆ ಮಾತ್ರ ನಾಲ್ಕೇ ವರ್ಷ.

ಬಾಯಿಗೆ ಬಂದದ್ದು ಹೇಳುವವಳು ನಾನಲ್ಲ. ಮೂವತ್ತೊಂದು ವರ್ಷದಿಂದ ಈ ದ್ವೀಪದ ಅಂಚೆ ಕಚೇರಿ ನಡೆಸುತ್ತಿರುವವಳು ನಾನು, ಮರ್ಟಲ್. ಪಾರ್ಲಿಮೆಂಟಿನ ಕಲಾಪದ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ. ಮಂಜು ಕವಿದರೆ ಹಡಗು ಬರುವುದಿಲ್ಲ, ಹಡಗು ಬರದಿದ್ದರೆ ಟಪಾಲು ಬರುವುದಿಲ್ಲ. ವರ್ಷದಲ್ಲಿ ನೂರು ದಿನ ಮಂಜು. ಓದದೆ ಇನ್ನೇನು ಮಾಡಲಿ?

ನಲವತ್ತು ವರ್ಷದ ಹಿಂದೆ ನಮ್ಮ ದೀಪಸ್ತಂಭದ ಕಹಳೆಯನ್ನು ನಿಲ್ಲಿಸಬೇಕೆಂದು ಇಲಾಖೆಯವರು ಹೊರಟಿದ್ದರು. ಮಂಜು ಬಿದ್ದಾಗ ದೋಣಿಗಳಿಗೆ ದಾರಿ ತೋರಿಸಲು ಐವತ್ತೇಳು ಸೆಕೆಂಡಿಗೊಮ್ಮೆ ಕೂಗುವ ಕಹಳೆ ಅದು. ಅದು ಕೂಗುವಾಗ ಮಾತು ನಿಲ್ಲಿಸಿ, ಮುಗಿದ ಮೇಲೆ ಮುಂದುವರಿಸುವುದು ನಮಗೆ ತೊಟ್ಟಿಲಲ್ಲೇ ಬಂದ ಅಭ್ಯಾಸ. ಆಗಿನ ಎಂಪಿ ಹೋರೇಸ್ ಬಿಲ್ಲಿಂಗ್ಸ್ ಎಂಬ ಮಹಾನುಭಾವರು ಇಲ್ಲಿಗೆ ಬಂದು, ಆಲ್ಡೆನ್‌ನ ತಾಯಿ ವಿನ್ನಿಯ ಅಡುಗೆಮನೆಯಲ್ಲಿ ಮೂರು ಬಟ್ಟಲು ಮೀನಿನ ಸಾರು ಕುಡಿದು, ಬಾಯಿ ಒರೆಸಿಕೊಂಡು ಒಟ್ಟಾವಾಗೆ ಹೋಗಿ ಎದ್ದು ನಿಂತರು.

“ಸಭಾಧ್ಯಕ್ಷರೇ, ನನ್ನ ಕ್ಷೇತ್ರದಲ್ಲಿ ಆಲ್ಡೆನ್ ಎಂಬ ನಾಲ್ಕು ವರ್ಷದ ಕಂದನಿದ್ದಾನೆ. ಅವನ ತಂದೆ ಮೀನುಗಾರ. ಮಂಜು ಕವಿದ ದಿನ ಆ ಕಂದ ಕಿಟಕಿಯಲ್ಲಿ ಕೂತು ಒಂದು ಕೂಗಿನಿಂದ ಇನ್ನೊಂದು ಕೂಗಿನವರೆಗೆ ಎಣಿಸುತ್ತಾನೆ. ‘ಅಂಕಲ್, ಇದು ಕೂಗಿದರೆ ಅಪ್ಪ ಬರುತ್ತಾನೆ, ಇದನ್ನು ನಿಲ್ಲಿಸಬೇಡಿ’ ಎಂದು ನನ್ನ ಕೈ ಹಿಡಿದು ಬೇಡಿದ.”

ಸಭೆಯಲ್ಲಿ ಕರವಸ್ತ್ರಗಳು ಹೊರಬಂದವು. ಇಲಾಖೆ ತನ್ನ ಕಾಗದ ಮಡಚಿಕೊಂಡಿತು. ನಾಲ್ಕು ವರ್ಷದ ಹುಡುಗ ಐವತ್ತೇಳರವರೆಗೆ ಹೇಗಪ್ಪಾ ಎಣಿಸಿದ ಎಂದು ಒಬ್ಬರೂ ಕೇಳಲಿಲ್ಲ. ಎರಡನೇ ಕ್ಲಾಸಿಗೆ ಬಂದಾಗಲೂ ಅವನು ಇಪ್ಪತ್ತರ ಮೇಲೆ ತಡವರಿಸುತ್ತಿದ್ದ.

ಬಿಲ್ಲಿಂಗ್ಸ್ ಹೋದರು, ಅವರ ಕಡತ ಉಳಿಯಿತು. ಎಂಟು ಹತ್ತು ವರ್ಷಕ್ಕೊಮ್ಮೆ ಇಲಾಖೆಗೆ ಕಹಳೆಯ ನೆನಪಾಗುತ್ತದೆ, ಆಗೆಲ್ಲ ಯಾವ ಪಕ್ಷದ ಎಂಪಿ ಇದ್ದರೂ ಅದೇ ಕಡತ ತೆಗೆದು ಅದೇ ಮಗುವನ್ನು ಎತ್ತಿಕೊಂಡು ನಿಲ್ಲುತ್ತಾರೆ. ಬರಿಗೈಯಲ್ಲಿ ಎತ್ತಿಕೊಳ್ಳಲು ಸಂಕೋಚವೋ ಏನೋ, ಒಬ್ಬೊಬ್ಬರೂ ಮಗುವಿಗೆ ಏನಾದರೊಂದು ಕೊಟ್ಟು ಹೋದರು. ಎರಡನೆಯವರು ತೇಪೆ ಹಾಕಿದ ಪೈಜಾಮ ತೊಡಿಸಿದರು. ಮೂರನೆಯವರು ಉಬ್ಬಸ ಕೊಟ್ಟರು. ಈಗಿನ ಕ್ರಿಸ್ಪಿನ್ ಹ್ಯಾವಿಲ್ಯಾಂಡ್, ಮೂವತ್ತೊಂದು ವರ್ಷದ ಉತ್ಸಾಹಿ, ತಮ್ಮ ಮೊದಲ ಭಾಷಣದಲ್ಲೇ ಒಂದು ಕಿವಿಯ ನಾಯಿಮರಿಯನ್ನು ದಯಪಾಲಿಸಿದರು.

ಆಲ್ಡೆನ್ ಸಂಕೋಚದ ಪ್ರಾಣಿ. ಅಲೆ ಕಂಡರೆ ವಾಂತಿ ಬರುವುದರಿಂದ ದಡದಲ್ಲೇ ಕೂತು ಲಾಬ್‌ಸ್ಟರ್ ಹಿಡಿಯುವ ಬುಟ್ಟಿಗಳಿಗೆ ಬಲೆ ಹೆಣೆಯುತ್ತಾನೆ, ಅಡುಗೆ ಮಾಡುತ್ತಾನೆ. ದೋಣಿ ನಡೆಸುವವಳು ಹೆಂಡತಿ ರೋಂಡಾ. ಇಂಥವನಿಗೂ ಒಂದು ಗುಟ್ಟಿನ ಹೆಮ್ಮೆಯಿತ್ತು. ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಎಂಪಿ ಕಚೇರಿಯಿಂದ ‘ನಾಲ್ಕು ತುಂಬಿದ ನಮ್ಮ ಪುಟ್ಟ ಆಲ್ಡೆನ್‌ಗೆ’ ಎಂಬ ಬಲೂನಿನ ಕಾರ್ಡು ಬರುತ್ತಿತ್ತು. ಅವನು ಅದನ್ನು ಫ್ರಿಜ್ಜಿಗೆ ಅಂಟಿಸುತ್ತಿದ್ದ. ನಾಯಿಯ ಭಾಷಣ ನಾನು ಓದಿ ಹೇಳಿದ ಮಾರನೆಯ ದಿನ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಆಚೆ ದಡದಿಂದ ಒಂದು ನಾಯಿ ತಂದ.

“ಪಾರ್ಲಿಮೆಂಟಲ್ಲಿ ಹೇಳಿಬಿಟ್ಟಿದ್ದಾರಲ್ಲ ಮರ್ಟಲಕ್ಕ, ಇಲ್ಲದಿದ್ರೆ ಅವರಿಗೆ ಸುಳ್ಳಾಗಲ್ವಾ?” ಎಂದ.

“ಇದಕ್ಕೆ ಎರಡೂ ಕಿವಿ ಇದೆಯಲ್ಲೋ!”

“ಒಂದು ಸರಿಯಾಗಿ ಕೇಳಿಸಲ್ಲ” ಎಂದು ಸಮಾಧಾನ ಹೇಳಿದ. ನಾಯಿಗೆ ಸ್ಪೀಕರ್ ಎಂದು ಹೆಸರಿಟ್ಟ. ಊರಿಗೇ ಅದು ಬಿಟ್ಟಿ ಮನರಂಜನೆಯಾಯಿತು. “ಏನೋ ಆಲ್ಡೆನ್, ಪೈಜಾಮ ಎಲ್ಲೋ? ಉಬ್ಬಸ ಹೇಗಿದೆಯೋ ಕಂದಾ?” ಎಂದು ದೋಣಿ ಕಟ್ಟುವ ಧಕ್ಕೆಯ ಮೇಲೆ ಹಲ್ಲಿಲ್ಲದ ಮುದುಕರೂ ಕೇಳುತ್ತಿದ್ದರು.

ಈ ವರ್ಷ ಏಪ್ರಿಲ್ಲಿನಲ್ಲಿ ಇಲಾಖೆಯ ನೋಟೀಸು ಬಂತು. ಜೂನ್ ಒಂದರಿಂದ ಕಹಳೆ ಬಂದ್. ಈಗೆಲ್ಲ ದೋಣಿಗಳಲ್ಲಿ ಉಪಗ್ರಹ ನೋಡಿ ದಾರಿ ತೋರಿಸುವ ಯಂತ್ರವಿದೆ, ಕಹಳೆ ಯಾಕೆ ಎಂದು. ಕ್ರಿಸ್ಪಿನ್ ತಕ್ಷಣ ಎದ್ದು ನಿಂತು ಪೈಜಾಮ, ಉಬ್ಬಸ, ನಾಯಿ ಎಲ್ಲವನ್ನೂ ಹೇಳಿದರು. ಎದುರು ಪಕ್ಷದವರೊಬ್ಬರಿಗೆ ಎಷ್ಟು ಮನ ಕರಗಿತೆಂದರೆ, “ಆ ಕಂದನನ್ನೇ ಸಮಿತಿಯ ಮುಂದೆ ಕರೆಸೋಣ, ಅವನ ಬಾಯಿಂದಲೇ ಕೇಳೋಣ” ಎಂದರು. ಸಭೆ ಮೇಜು ತಟ್ಟಿತು.

ಹತ್ತು ದಿನಕ್ಕೆ ಲಕೋಟೆ ಬಂತು. ಮೇಲೆ ‘ಪುಟ್ಟ ಆಲ್ಡೆನ್’ ಎಂದು ದುಂಡನೆಯ ಅಕ್ಷರ, ಮೂಲೆಯಲ್ಲಿ ನಗುತ್ತಿರುವ ಬೀವರ್ ಪ್ರಾಣಿಯ ಚಿತ್ರ. ಒಳಗೆ ಒಂದು ಫಾರಂ: ತಾಯಿ ಅಥವಾ ಪೋಷಕರು ಜೊತೆಗಿರತಕ್ಕದ್ದು, ಮಗು ಮಧ್ಯಾಹ್ನ ಮಲಗುವ ಸಮಯ ತಿಳಿಸತಕ್ಕದ್ದು, ಜ್ಯೂಸು ಯಾವುದು ಬೇಕು.

ಲಕೋಟೆ ಹಿಡಿದು ನಾನೇ ಹಳದಿ ಮನೆಗೆ ಹೋದೆ. ವಿನ್ನಿ, ರೋಂಡಾ, ಆಲ್ಡೆನ್ ಮೂವರೂ ಊಟಕ್ಕೆ ಕೂತಿದ್ದರು.

“ಹೋಗಬೇಡ. ನಗೆಪಾಟಲಾಗುತ್ತೆ. ವಯಸ್ಸಾಗಿದೆ ಅಂತ ಬರೆದು ಹಾಕು” ಎಂದಳು ವಿನ್ನಿ. ಎಪ್ಪತ್ತೆಂಟರ ಮುದುಕಿ, ಇನ್ನೂ ಮರದ ಸೌಟಿನಲ್ಲಿ ಮಗನ ಕೈಗೆ ಹೊಡೆಯುತ್ತಾಳೆ.

“ವಯಸ್ಸಾಗಿದೆ ಅಂತ ಬರೆದ ದಿನವೇ ಕಹಳೆ ಹೋಯ್ತು ಅಂತ ತಿಳ್ಕೊಳ್ಳಿ ಅತ್ತೆ” ಎಂದಳು ರೋಂಡಾ. ಚಮಚ ಕೆಳಗಿಟ್ಟಳು. “ಹೋದ ಜೂನ್‌ನಲ್ಲಿ ಏನಾಯ್ತು, ಮರೆತುಹೋಯ್ತಾ?”

ಯಾರೂ ಮರೆತಿರಲಿಲ್ಲ. ಮಂಜಿನ ನಡುವೆ ರೋಂಡಾಳ ದೋಣಿಯ ಯಂತ್ರ ಇದ್ದಕ್ಕಿದ್ದಂತೆ ಕಪ್ಪಾಗಿ ಕೂತಿತ್ತು. ಎಡಗಡೆ ಬಂಡೆ, ಬಲಗಡೆ ಬಂಡೆ, ಕೈ ಚಾಚಿದರೆ ಕೈ ಕಾಣದು. ಎಂಜಿನ್ ನಿಲ್ಲಿಸಿ, ಕಹಳೆ ಕೂಗುವುದನ್ನು ಕೇಳಿ, ಆ ಕಡೆಗೆ ಚೂರು ಹೋಗಿ, ಮತ್ತೆ ನಿಲ್ಲಿಸಿ, ಹೀಗೆ ಮೂರು ಗಂಟೆ ಕಿವಿಯಿಂದಲೇ ದಾರಿ ಹುಡುಕಿ ಮನೆ ಸೇರಿದ್ದಳು. ಆ ಮೂರು ಗಂಟೆ ಆಲ್ಡೆನ್ ಧಕ್ಕೆಯ ತುದಿಯಲ್ಲಿ ನಿಂತಿದ್ದ. ಬಂದವಳು ಹಗ್ಗ ಎಸೆದರೆ ಅವನ ಬೆರಳು ಮುಚ್ಚಲಿಲ್ಲ, ನಾನೇ ಹಿಡಿದುಕೊಂಡೆ.

“ಇದನ್ನೇ ಅವರಿಗೆ ಬರೆಯೋಣ” ಎಂದ ಆಲ್ಡೆನ್.

“ಬರೆದಿದ್ದೆ. ಮೂರು ಸಲ” ಎಂದಳು ರೋಂಡಾ. “ನಲವತ್ತೆರಡು ವರ್ಷದ ಹೆಂಗಸು ಮುಳುಗ್ತಾಳೆ ಅಂದ್ರೆ ಒಂದು ಮಾರುತ್ತರ ಇಲ್ಲ. ನಾಲ್ಕು ವರ್ಷದ ಹುಡುಗ ಅಂದ್ರೆ ಜ್ಯೂಸು ಯಾವುದು ಬೇಕು ಅಂತಾರೆ.”

ಎಂಪಿಯನ್ನೇ ಕೇಳಿಬಿಡೋಣ ಎಂದು ಆಲ್ಡೆನ್ ಫೋನು ಮಾಡಿದ. ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟೆವು.

“ನಾನು ಆಲ್ಡೆನ್ ಮನೆಯಿಂದ ಮಾತಾಡ್ತಿರೋದು ಸಾರ್...”

“ಓಹೋ, ಅಪ್ಪಾನಾ? ಹೇಗಿದ್ದಾನೆ ನಮ್ಮ ಹೀರೋ?”

“ಇಲ್ಲೇ ಇದ್ದಾನೆ ಸಾರ್. ಅದೇ ವಿಷಯ. ಅವನು ಸ್ವಲ್ಪ ದೊಡ್ಡವನಾಗಿ...”

“ಮಕ್ಕಳಲ್ವಾ, ನೋಡ್ತಾ ನೋಡ್ತಾ ದೊಡ್ಡವರಾಗಿಬಿಡ್ತಾರೆ!” ಕ್ರಿಸ್ಪಿನ್ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಅವನಿಗೆ ಫೋನು ಕೊಡಬೇಡಿ, ಹೆದರಿಕೊಂಡಾನು. ನನ್ನದೊಂದು ಮುತ್ತು ಕೊಡಿ.”

“ಕೊಡ್ತೀನಿ ಸಾರ್” ಎಂದ ನಮ್ಮ ಆಲ್ಡೆನ್. ಎದುರಿನವರು ಅಷ್ಟು ಪ್ರೀತಿಯಿಂದ ಮಾತಾಡುತ್ತಿದ್ದರೆ ಅವನಿಗೆ ಇಲ್ಲ ಅನ್ನಲು ನಾಲಿಗೆ ಹೊರಳುವುದಿಲ್ಲ. ಫೋನು ಇಟ್ಟವನು ಪೆಚ್ಚಾಗಿ ನಮ್ಮ ಮುಖ ನೋಡಿದ.

ಹೊರಡುವುದೆಂದಾಯಿತು. ಲಾಬ್‌ಸ್ಟರ್ ಕಾಲ, ರೋಂಡಾ ದೋಣಿ ಬಿಟ್ಟು ಬರುವಂತಿಲ್ಲ. ಪೋಷಕಿಯಾಗಿ ವಿನ್ನಿ, ಫಾರಮ್ಮಿಗೆ ಸಾಕ್ಷಿ ಹಾಕಿದ ತಪ್ಪಿಗೆ ನಾನು. ಹಡಗು, ಬಸ್ಸು, ಮತ್ತೊಂದು ಬಸ್ಸು, ರೈಲು. ವಿನ್ನಿ ದಾರಿಯುದ್ದಕ್ಕೂ ಸ್ಯಾಂಡ್‌ವಿಚ್ ಬಿಚ್ಚಿ ಕೊಡುತ್ತಾ “ತಿನ್ನೋ, ತೆಳ್ಳಗಾಗಿದೀಯ” ಎನ್ನುತ್ತಿದ್ದಳು. ಮಗ ನೂರಾಹತ್ತು ಕಿಲೋ ಇದ್ದಾನೆ.

ಪಾರ್ಲಿಮೆಂಟಿನ ಬಾಗಿಲಲ್ಲಿ ಕಾವಲಿನವನು ಪಟ್ಟಿ ನೋಡಿ, “ಮಗು ಎಲ್ಲಿ?” ಎಂದ.

“ಇವನೇ” ಎಂದಳು ವಿನ್ನಿ.

ಅವನು ಆಲ್ಡೆನ್‌ನನ್ನು ಕೆಳಗಿನಿಂದ ಮೇಲೆ ನೋಡಿದ. ಪಟ್ಟಿ ನೋಡಿದ. ಪಟ್ಟಿಯಲ್ಲಿದ್ದದ್ದನ್ನು ಅಲ್ಲಗಳೆಯುವ ಕೆಲಸ ಅವನದಲ್ಲ. ಕೆಂಪು ದಾರದಲ್ಲಿ ಕಟ್ಟಿದ ಕರಡಿ ಚಿತ್ರದ ಬಿಲ್ಲೆಯನ್ನು ಆಲ್ಡೆನ್ ಕೊರಳಿಗೆ ಹಾಕಿ, ಚಿತ್ರ ಬಿಡಿಸುವ ಬಣ್ಣದ ಕಡ್ಡಿಗಳ ಡಬ್ಬಿ ಕೈಗಿಟ್ಟ.

ಒಳಗೆ ಉದ್ದನೆಯ ಓಣಿ. ಎತ್ತರದ ಕಿಟಕಿಗಳಿಂದ ಬೆಳಗಿನ ಬೆಳಕು ಹಾಲಿನ ಹಾಗೆ ಇಳಿದು ಕಲ್ಲಿನ ನೆಲದ ಮೇಲೆ ನಿಂತಿತ್ತು. ನಮ್ಮ ಹೆಜ್ಜೆಯ ಸದ್ದು ಎಲ್ಲೋ ದೂರ ಹೋಗಿ, ಇನ್ಯಾರದೋ ಹೆಜ್ಜೆಯಾಗಿ ವಾಪಸು ಬರುತ್ತಿತ್ತು. ಆಲ್ಡೆನ್ ನಿಧಾನ ಮಾಡಿದ. ಒಂದೊಂದು ಬಾಗಿಲು ಬಂದಾಗಲೂ ಕತ್ತು ಚಾಚಿ ಒಳಗೆ ನೋಡುತ್ತಿದ್ದ.

“ಏನೋ ಹುಡುಕ್ತಾ ಇದೀಯ? ಬಚ್ಚಲುಮನೆಯಾ?” ಎಂದೆ.

“ಅಲ್ಲ ಮರ್ಟಲಕ್ಕ” ಎಂದ, ಪಿಸುಮಾತಿನಲ್ಲಿ. “ಅವನು ಇಲ್ಲೇ ಎಲ್ಲೋ ಇರ್ತಾನೆ ಅನ್ಸುತ್ತೆ. ಪೈಜಾಮ ಹಾಕ್ಕೊಂಡು. ನಲವತ್ತು ವರ್ಷದಿಂದ ಇಲ್ಲೇ ಇದ್ದಾನಲ್ಲ, ಯಾರಾದ್ರೂ ಊಟ ಹಾಕ್ತಾರೋ ಇಲ್ವೋ.”

ಬೇರೆ ದಿನವಾಗಿದ್ದರೆ ಒಂದು ಮೊಟಕುತ್ತಿದ್ದೆ. ಆದರೆ ದೇವರಾಣೆ, ಆ ಬೆಳಕಿನಲ್ಲಿ ನಾನೂ ಮುಂದಿನ ಬಾಗಿಲಲ್ಲಿ ಇಣುಕಿದೆ. ಓಣಿಯ ತುದಿಯಲ್ಲಿ ಚಿಕ್ಕದೊಂದು ನೆರಳು ಓಡಿದಂತಾಯಿತು. ವಿನ್ನಿ ಮಾತ್ರ “ಬೇಗ ನಡೀರಿ, ಕಾಲು ನೋಯ್ತಿದೆ” ಎಂದಳು.

ಸಮಿತಿಯ ಕೋಣೆಯಲ್ಲಿ ಕುದುರೆ ಲಾಳದಂಥ ಮೇಜಿನ ಸುತ್ತ ಹನ್ನೊಂದು ಮಂದಿ ಸದಸ್ಯರು. ಸಾಕ್ಷಿಯ ಕುರ್ಚಿಯ ಮೇಲೆ ಎರಡು ದಿಂಬು ಪೇರಿಸಿದ್ದರು, ಮೈಕನ್ನು ತಗ್ಗಿಸಿದ್ದರು, ಸೇಬಿನ ಜ್ಯೂಸಿನ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿಟ್ಟಿದ್ದರು. ಕೂರು ಎಂದರು, ಆಲ್ಡೆನ್ ದಿಂಬಿನ ಮೇಲೆಯೇ ಕೂತ. ಕೂತವನ ತಲೆ ಹಿಂದಿನ ಗೋಡೆಯ ತೈಲಚಿತ್ರದ ಮಂತ್ರಿಯ ಗಡ್ಡಕ್ಕೆ ತಾಗುತ್ತಿತ್ತು. ನಾವು ಮೂವರೂ ಮಗುವಿನ ಮನೆಯವರು, ಮಗು ಎಲ್ಲೋ ಬಚ್ಚಲಿಗೆ ಹೋಗಿದೆ ಎಂದು ಅವರೆಲ್ಲ ತಿಳಿದಂತಿತ್ತು. ಕಾಯುವ ಹೊತ್ತನ್ನು ಹಾಳುಮಾಡಬಾರದೆಂದು ಮಾತು ಶುರು ಮಾಡಿದರು.

ಒಬ್ಬೊಬ್ಬರಿಗೆ ಐದು ನಿಮಿಷ. ಪ್ರಶ್ನೆ ಕೇಳಲು ಕೊಟ್ಟ ಹೊತ್ತು ಅದು, ಆದರೆ ಪ್ರಶ್ನೆ ಕೇಳಿ ಹೊತ್ತು ಕಳೆಯುವ ಪದ್ಧತಿ ಅಲ್ಲಿಲ್ಲ. ಕ್ರಿಸ್ಪಿನ್ ಎದ್ದು, “ಮಕ್ಕಳೇ ನಮ್ಮ ಭವಿಷ್ಯ” ಎಂದರು. ಎದುರು ಪಕ್ಷದ ದಪ್ಪ ಕನ್ನಡಕದವರು, “ಅಲ್ಲ, ಭವಿಷ್ಯವೇ ನಮ್ಮ ಮಕ್ಕಳು” ಎಂದು ಖಂಡಿಸಿದರು. ಮೂರನೆಯವರು ತಮ್ಮ ಮೊಮ್ಮಗಳ ಫೋಟೋ ತೋರಿಸಿದರು, ಸಭೆಯಲ್ಲಿ ವಸ್ತು ಪ್ರದರ್ಶನ ಕೂಡದೆಂದು ನಾಲ್ಕನೆಯವರು ತಕರಾರು ಎತ್ತಿದರು, ಆಮೇಲೆ ಅವರೂ ತಮ್ಮ ಮೊಮ್ಮಗನ ಫೋಟೋ ತೆಗೆದರು. ಈ ಮಗು ದೊಡ್ಡವನಾದಾಗ ನಮ್ಮನ್ನು ಏನೆಂದು ಕೇಳುತ್ತಾನೆ ಎಂದು ಕನ್ನಡಕದವರು ಗುಡುಗಿದರು. ದೊಡ್ಡವನಾದ ಮಗು ಅವರ ಎದುರಿಗೇ ಕೂತು ಸದ್ದಾಗದಂತೆ ಜ್ಯೂಸು ಹೀರುತ್ತಿತ್ತು.

ಐವತ್ತು ನಿಮಿಷವಾದ ಮೇಲೆ ಅಧ್ಯಕ್ಷೆ ಮದಾಂ ತೆಸ್ಸಿಯೆ, ಕೆಬೆಕ್ ಕಡೆಯ ಗಂಭೀರ ಹೆಂಗಸು, ಗಡಿಯಾರ ನೋಡಿ, “ಎಲ್ಲಿ, ಮಗುವನ್ನ ಕರೀರಿ” ಎಂದರು.

“ಆಗ್ಲಿಂದ ಕೂತಿದ್ದಾನಲ್ಲಮ್ಮ!” ಎಂದಳು ವಿನ್ನಿ. “ಇವನೇ ಆಲ್ಡೆನ್. ನಾನೇ ಹೆತ್ತಿದ್ದು.”

ಕ್ರಿಸ್ಪಿನ್ ಮುಖ ಸುಣ್ಣದಂತಾಯಿತು. “ಆದರೆ... ನಾನು ಬಲೂನಿನ ಕಾರ್ಡು ಕಳಿಸ್ತಾ ಇದ್ದೆ” ಎಂದರು.

“ಎಲ್ಲಾ ತಲುಪಿದೆ ಸಾರ್. ತುಂಬಾ ಚೆನ್ನಾಗಿದೆ” ಎಂದ ಆಲ್ಡೆನ್.

ದಪ್ಪ ಕನ್ನಡಕದವರು ಎದ್ದು ನಿಯಮದ ಪ್ರಶ್ನೆ ಎತ್ತಿದರು: ನೋಟೀಸಿನಲ್ಲಿ ಮಗುವೆಂದು ನಮೂದಾದ ಸಾಕ್ಷಿ ದೊಡ್ಡವನಾಗಿ ಹಾಜರಾಗಬಹುದೇ? ಕಾರ್ಯದರ್ಶಿ ಮೂರು ಪುಸ್ತಕ ತಿರುವಿದ. ಅಧ್ಯಕ್ಷೆ ತೀರ್ಪು ಕೊಟ್ಟರು: ನಾಲ್ಕು ವರ್ಷದ ಸಾಕ್ಷಿಯನ್ನು ಕರೆಯಲು ಸಭೆ ಒಮ್ಮತದಿಂದ ಒಪ್ಪಿದೆ, ಅದನ್ನು ಬದಲಿಸುವ ಅಧಿಕಾರ ಸಮಿತಿಗಿಲ್ಲ, ಆದ್ದರಿಂದ ಕಲಾಪದ ಮಟ್ಟಿಗೆ ಸಾಕ್ಷಿಗೆ ನಾಲ್ಕೇ ವರ್ಷ. ಉಳಿದದ್ದು ಎರಡು ನಿಮಿಷ. ಮಗುವಿನ ಸಾಕ್ಷಿಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆಯನ್ನು ಅವರು ಕಾಗದ ನೋಡಿ ಓದಿದರು.

“ಪುಟ್ಟಾ, ನಿಜ ಅಂದ್ರೆ ಏನು, ಸುಳ್ಳು ಅಂದ್ರೆ ಏನು, ನಿನಗೆ ಗೊತ್ತಾ?”

ಆಲ್ಡೆನ್ ತಗ್ಗಿಸಿದ ಮೈಕಿನ ಕಡೆ ಬಗ್ಗಿದ. ಮಂಡಿ ಲಟಕ್ಕೆಂದಿತು.

“ಗೊತ್ತಮ್ಮ” ಎಂದ. “ನಿಜ ಹೇಳ್ತೀನಿ. ಬಿಲ್ಲಿಂಗ್ಸ್ ಸಾಹೇಬರಿಗೆ ನಾನು ಅವತ್ತು ಹಾಗೆ ಹೇಳಲೇ ಇಲ್ಲ. ಆ ಕೂಗು ಕೇಳಿದ್ರೆ ನನಗೆ ಪ್ರಾಣಭಯ. ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದೆ. ಅವರು ಬಗ್ಗಿ ಏನು ಬೇಕು ಮರಿ ಅಂದ್ರು. ಅದನ್ನ ನಿಲ್ಲಿಸಿ ಅಂದೆ.”

ನಾನು ವಿನ್ನಿಯ ಕಡೆ ತಿರುಗಿದೆ. ಅವಳು ತನ್ನ ಕೈಚೀಲದ ಹಿಡಿ ನೋಡುತ್ತಿದ್ದಳು. “ಮೂರು ಬಟ್ಟಲು ಸಾರು ಕುಡಿದಿದ್ದರಲ್ಲ” ಎಂದಳು. “ಎದುರು ಮಾತಾಡೋದು ಹೇಗೆ?”

ನಲವತ್ತು ವರ್ಷ ನಮ್ಮ ಕಹಳೆ ಉಳಿದಿದ್ದು ಈ ಮಾತಿನ ಮೇಲೆ! ಹನ್ನೊಂದು ಜನರೂ ಬಾಯಿ ತೆರೆದು ಕೂತಿದ್ದರು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಈ ಪೆದ್ದನನ್ನು ರೈಲಿನಿಂದ ತಳ್ಳಿಬಿಡಬೇಕಿತ್ತು.

ಆಲ್ಡೆನ್ ನಿಲ್ಲಿಸಲಿಲ್ಲ. “ಆಗ ನನಗೇನೂ ತಿಳೀತಿರಲಿಲ್ಲಮ್ಮ. ಸಮುದ್ರದಲ್ಲಿರೋದು ಅಪ್ಪ, ನನಗೇನು. ಈಗ ಅಲ್ಲಿರೋದು ನನ್ನ ಹೆಂಡ್ತಿ. ಹೋದ ವರ್ಷ ಅವಳ ಯಂತ್ರ ಕೆಟ್ಟು, ಕಹಳೆ ಕೇಳ್ಕೊಂಡು ಮೂರು ಗಂಟೆ ಹಾದಿ ಬಂದ್ಲು. ಎಣಿಸೋದು ನಾನು ಅವತ್ತು ಕಲಿತಿದ್ದು. ಐವತ್ತೇಳಕ್ಕೆ ಅದು ಕೂಗದಿದ್ರೆ...” ಜ್ಯೂಸಿನ ಖಾಲಿ ಪೊಟ್ಟಣವನ್ನು ಹಿಂಡಿದ, ಅದು ಪುಸಕ್ಕೆಂದಿತು. “ನೀವೆಲ್ಲ ಭವಿಷ್ಯ ಭವಿಷ್ಯ ಅಂತಿದ್ರಲ್ಲ. ಅದು ನಾನೇ ಅನ್ಸುತ್ತೆ. ಬಸ್ಸಲ್ಲಿ ಬಂದೆ. ಅವಳು ಮುಳುಗಿದ್ರೆ ಅಳೋನು ನಾನೇ, ನಾಲ್ಕು ವರ್ಷದವನಲ್ಲ. ಆದರೆ ಅವನನ್ನ ಕಂಡರೆ ನಿಮಗೆ ಪ್ರೀತಿ. ಅವನ ಹೆಸರಲ್ಲೇ ಆಗ್ಲಿ, ನಿಲ್ಲಿಸಬೇಡಿ.”

ಎರಡು ನಿಮಿಷ ಮುಗಿದ ಗಂಟೆ ಹೊಡೆಯಿತು. ಮದಾಂ ತೆಸ್ಸಿಯೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಎದ್ದು ಬಂದು, ನಿಯಮದಂತೆ ಮಗು ಸಾಕ್ಷಿಗೆ ಕೊಡಬೇಕಾದ ಮೇಪಲ್ ಮರದ ಸಕ್ಕರೆಯ ಮಿಠಾಯಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

ನಾವು ಊರಿಗೆ ಬಂದು ಎರಡು ವಾರಕ್ಕೆ ಸಮಿತಿಯ ವರದಿ ಬಂತು. ಮೊದಲ ಸಾಲು ಓದಿ ನಾನು ಅಂಚೆ ಕಚೇರಿಯ ಬಾಗಿಲು ತೆರೆದಿಟ್ಟೇ ಧಕ್ಕೆಗೆ ಓಡಿದೆ: ‘ಸಾಕ್ಷಿ ಆಲ್ಡೆನ್, ವಯಸ್ಸು ನಾಲ್ಕು, ಇವನ ಮನಕಲಕುವ ಹೇಳಿಕೆಯನ್ನು ಪರಿಗಣಿಸಿ, ಕಹಳೆಯನ್ನು ಈಗಿರುವಂತೆಯೇ ಮುಂದುವರಿಸತಕ್ಕದ್ದು.’ ಅದೇ ವಾರ ಕ್ರಿಸ್ಪಿನ್ ಸಭೆಯಲ್ಲಿ ಎದ್ದು ನಿಂತರು. ಕಂದ ಆಲ್ಡೆನ್ ಒಟ್ಟಾವಾಗೆ ಬಂದಿದ್ದ, ದೊಡ್ಡ ಕುರ್ಚಿಯಲ್ಲಿ ಕೂತಿದ್ದ, ಅವನ ಕಾಲು ನೆಲ ಮುಟ್ಟುತ್ತಿರಲಿಲ್ಲ, ಎಂದರು. ಎರಡು ದಿಂಬಿನ ಮೇಲೆ ಯಾರ ಕಾಲು ತಾನೇ ಸರಿಯಾಗಿ ಮುಟ್ಟುತ್ತದೆ? ಆ ಮಟ್ಟಿಗೆ ಅವರು ಹೇಳಿದ್ದು ನಿಜ. ಈ ಸಲ ಅವರು ಮಗುವಿಗೆ ಹೊಸದಾಗಿ ಏನನ್ನೂ ಕೊಡಲಿಲ್ಲ.

ಜೂನ್ ಮೂರನೇ ವಾರ, ಮಧ್ಯಾಹ್ನ, ಮಂಜು ಬಿತ್ತು. ಧಕ್ಕೆ, ದೋಣಿಮನೆ, ಎದುರಿನ ಹಳದಿ ಮನೆ ಎಲ್ಲ ಒಂದೊಂದಾಗಿ ಅಳಿಸಿಹೋದವು. ರೋಂಡಾ ಒಬ್ಬಳು ಇನ್ನೂ ಬಂದಿರಲಿಲ್ಲ. ಆಲ್ಡೆನ್ ತುದಿಯಲ್ಲಿ ನಿಂತಿದ್ದ, ಸ್ಪೀಕರ್ ಅವನ ಕಾಲ ಬಳಿ ಕಿವುಡು ಕಿವಿಯನ್ನು ಸಮುದ್ರದ ಕಡೆ ಮಾಡಿ ಕೂತಿತ್ತು. ಕಹಳೆ ಕೂಗಿತು. ಆಲ್ಡೆನ್ ತುಟಿ ಅಲ್ಲಾಡಿಸತೊಡಗಿದ. ಮತ್ತೆ ಕೂಗಿತು, ಮತ್ತೆ ಮೊದಲಿಂದ. ಧಕ್ಕೆಯ ಮುದುಕರು ಆ ದಿನ ಪೈಜಾಮದ ಮಾತು ಎತ್ತಲಿಲ್ಲ.

ಎಷ್ಟು ಹೊತ್ತಾಯಿತೋ. ಮಂಜಿನೊಳಗೆ ಎಂಜಿನ್ ಕೆಮ್ಮಿತು. ಆಮೇಲೆ ದೋಣಿಯ ಮೂತಿ, ಆಮೇಲೆ ಕಿತ್ತಳೆ ಬಣ್ಣದ ಏಪ್ರನ್ ತೊಟ್ಟ ರೋಂಡಾ.

“ಯಾರೋ ನಾಲ್ಕು ವರ್ಷದ ಹುಡುಗ ಕಾಯ್ತಾ ಇದ್ದಾನಂತೆ” ಎಂದು ಅಲ್ಲಿಂದಲೇ ಕೂಗಿದಳು. “ಪಾಪ, ಅಳ್ತಾನೇನೋ ಅಂತ ಬೇಗ ಬಂದೆ.”

ಹಗ್ಗ ಎಸೆದಳು. ಈ ಸಲ ಆಲ್ಡೆನ್‌ನ ಬೆರಳು ಮುಚ್ಚಿದವು.

“ಎಷ್ಟಾಯ್ತೋ?” ಎಂದಳು.

“ಐವತ್ತಾರು” ಎಂದ.

ಕಹಳೆ ಕೂಗಿತು. ನಾವೆಲ್ಲ ಮಾತು ನಿಲ್ಲಿಸಿ ಕಾದೆವು.